ಕಮಲಾದೇವಿ ಚಟ್ಟೋಪಾಧ್ಯಾಯರ ಚರಿತ್ರೆ

ನಾಡಿನ ಕೈಕಸಬುಗಳನ್ನು ಎತ್ತಿಹಿಡಿದ ಕಮಲಾದೇವಿಯವರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ದೇಶವಿಭಾಗದ ಕಲಹದಲ್ಲಿ ಮನೆಮಾರು ಕಳಕೊಂಡವರಿಗೆ ಅವರು ಮಾಡಿದ ಸಹಾಯವನ್ನು ಬಲ್ಲವರು ಕಡಿಮೆ. ಆದುದರಿಂದ ಅದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತೇವೆ.

ಅವರು 1903ನೆಯ ಇಸವಿಯ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದರು. ಏಳು ವರುಷದ ಮಗುವಾಗಿದ್ದಾಗ ತಂದೆಯು ಮರಣಪತ್ರ ಬರೆಯದೆ ತೀರಿಕೊಂಡದ್ದರಿಂದ, ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಯವರು ಮಾಸಾಶನಕ್ಕೆ ಕೈಯೊಡ್ಡಲೊಪ್ಪದೆ ತಮ್ಮ ಸ್ತ್ರೀಧನದಿಂದಲೇ ಮಗಳನ್ನು ಸಾಕಿದರು. ಇದ್ದ ಮನೆಯು ತನ್ನದಲ್ಲವಾಗುವುದೆಂದರೇನೆಂಬುದನ್ನು ಹುಡುಗಿಯು ಎಳೆತನದಲ್ಲಿಯೇ ಕಂಡಳು.

1947ನೆಯ ಇಸವಿಯ ಆಗಸ್ಟಿನಲ್ಲಿ ದೇಶವು ಎರಡಾಗಲು, ಲಕ್ಷಾಂತರ ಜನರು ಗಡಿಯ ಎರಡು ಕಡೆಗಳಿಂದಲೂ ಉಟ್ಟ ಬಟ್ಟೆಯಲ್ಲಿಯೇ ಓಡಿಬಂದರು. ಶಿಬಿರಗಳಲ್ಲಿ ಸರಕಾರವು ಡೇರೆಯನ್ನೂ ಅನ್ನವನ್ನೂ ಕೊಟ್ಟಿತು. ಅನ್ನವಿಲ್ಲದೆ ಜೀವವುಳಿಯದು, ನಿಜವೇ. ಆದರೆ ಪರರ ಅನ್ನಕ್ಕಾಗಿ ದಿನದಿನವೂ ಸಾಲುನಿಲ್ಲುವವನ ಮನಸ್ಸು ಕುಗ್ಗದಿರುವುದೇ? ನಿರಾಶ್ರಿತರೇ ಸಹಕಾರಸಂಘಗಳನ್ನು ಕಟ್ಟಿ ದುಡಿದು ಬಾಳಬೇಕೆಂಬುದು ಕಮಲಾದೇವಿಯವರ ಯೋಚನೆ. ಸರಕಾರದ ಸಹಾಯವನ್ನು ಬೇಡಕೂಡದೆಂಬ ನಿಬಂಧನೆಯೊಡನೆ ಗಾಂಧಿಯವರು ಇದಕ್ಕೆ ಒಪ್ಪಿದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆಯು ಹುಟ್ಟಿತು. ದಿಲ್ಲಿಯ ಬಳಿಯ ಛತ್ತರಪುರದಲ್ಲಿ ನಿರಾಶ್ರಿತರು ಕೂಡಿ ಬೇಸಾಯಕ್ಕಿಳಿದರು.

ಫರೀದಾಬಾದಿನ ಕೆಲಸವು ಇನ್ನೂ ದೊಡ್ಡದು. ಅಲ್ಲಿ ನೆಲೆಗೊಳ್ಳಬೇಕಾಗಿದ್ದವರು ವಾಯವ್ಯ ಗಡಿಪ್ರಾಂತದಿಂದ ಬಂದ ಹತ್ತಾರು ಸಾವಿರ ಹಿಂದೂಗಳೂ ಸಿಖ್ಖರೂ. ಇದಕ್ಕೆಂದು 1949ರಲ್ಲಿ ಏರ್ಪಟ್ಟ ಮಂಡಲಿಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷರು. ಕಮಲಾದೇವಿಯವರು ಅದರಲ್ಲಿ ಸದಸ್ಯರು. ಮನೆಗಳನ್ನು ಗುತ್ತಿಗೆದಾರರಿಗೆ ಒಪ್ಪಿಸದೆ ನಿರಾಶ್ರಿತರ ಕೈಯಿಂದಲೇ ಕಟ್ಟಿಸತಕ್ಕದ್ದೆಂದು ಗೊತ್ತಾಯಿತು. ತಕ್ಕಡಿ ಹಿಡಿದಿದ್ದ ಕೈ ಇಟ್ಟಿಗೆ ಹೊರಬೇಕು! ಜಿಗಣಿಯ ಕಡೆ ಕಲ್ಲಿನ ಕೆಲಸದಲ್ಲಿ ದುಡಿಯುವ ನಮ್ಮ ವಾಚಕರು ಅದರ ಕಷ್ಟವನ್ನು ಬಲ್ಲರು. ಆದರೂ ಗೋಡೆಗಳು ಎದ್ದವು. ಕೂಲಿಯೂ ಅವರ ಕೈಗೇ ಬಂತು.

ಆ ಜನರು ಒಂದು ಆಸ್ಪತ್ರೆಯನ್ನೂ ಕಟ್ಟಿ, ಅದಕ್ಕೆ ಬಾದಷಹಾ ಖಾನರ ಹೆಸರಿಟ್ಟರು. ಇವರು ಬಿಟ್ಟುಬಂದ ನಾಡಿನ ಮುಖಂಡರು ಆತನೇ, ಮುಸಲ್ಮಾನರು. ಮತದ ಹೆಸರಿನ ಹಗೆಯಿಂದ ಹೊರದೂಡಲ್ಪಟ್ಟವರು ಹೀಗೆ ಮಾಡಿದ್ದನ್ನು ನೆನೆದು ನಾವು ಬೆರಗಾಗುತ್ತೇವೆ.

ಮುಂದೆ ಅಧಿಕಾರಿಗಳ ಹಿಡಿತವು ಬಿಗಿಯಾಗಿ ಸಹಕಾರಸಂಘಗಳು ಸೊರಗಿದವು. ಊರಾದರೋ ಬೆಳೆದು ಕಾರ್ಖಾನೆಗಳ ಪಟ್ಟಣವಾಯಿತು. ಕಮಲಾದೇವಿಯವರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ ನೇಕಾರ, ಕುಂಬಾರ, ಬಡಗಿಗಳ ಬಾಗಿಲು ಬಾಗಿಲಿಗೆ ನಡೆದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. 1988ನೆಯ ಇಸವಿಯ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.