ಕೋಷ್ಟಕಗಳಿಗೆ ನಂಟು ಬೆಸೆದ ಎಡ್ಗರ್ ಕಾಡ್



ಈ ಸಲ ಒಬ್ಬ ದೊಡ್ಡ ಕಂಪ್ಯೂಟರ್ ವಿಜ್ಞಾನಿಯ ಪರಿಚಯ ಮಾಡಿಕೊಳ್ಳೋಣ. ಎಡ್ಗರ್ ಕಾಡ್ ಅವರು 1923ರಲ್ಲಿ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದರು. ಆಕ್ಸ್‌ಫರ್ಡಿನಲ್ಲಿ ಗಣಿತ ಓದಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಕಂಪನಿ ಸೇರಿದರು. ನಲವತ್ತು ವರ್ಷ ದಾಟಿದ ಮೇಲೂ ಓದು ಬಿಡಲಿಲ್ಲ, 1965ರಲ್ಲಿ ಡಾಕ್ಟರೇಟ್ ಪಡೆದರು!

ಆ ಕಾಲದಲ್ಲಿ ಕಂಪ್ಯೂಟರಿನೊಳಗೆ ಮಾಹಿತಿಯನ್ನು ಮರದ ಕೊಂಬೆಗಳ ಹಾಗೆ ಜೋಡಿಸುತ್ತಿದ್ದರು. ಜೋಡಣೆ ಸ್ವಲ್ಪ ಬದಲಾದರೂ ಪ್ರೋಗ್ರಾಂಗಳನ್ನು ಮತ್ತೆ ಬರೀಬೇಕಿತ್ತು. 1970ರಲ್ಲಿ ಕಾಡ್ ಒಂದು ಲೇಖನ ಬರೆದರು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಡಿ, ಒಂದರ ಸಂಖ್ಯೆಯಿಂದ ಇನ್ನೊಂದಕ್ಕೆ ನಂಟು ಕಟ್ಟಿ ಎಂಬುದು ಅದರ ಸಾರ.

ನಮ್ಮ ಶಾಲೆಯನ್ನೇ ನೋಡಿ. ದಾಖಲಾತಿ ಪುಸ್ತಕ ತಾಯಿ, ಅಂಕಗಳ ಪುಸ್ತಕ ಮಗು ಅಂದುಕೊಳ್ಳೋಣ. ಮಗುವಿನಲ್ಲಿ ಹೆಸರು ಬೇಡ, ದಾಖಲಾತಿ ನಂಬರ್ ಸಾಕು. ಹೆಸರು ತಪ್ಪಿದ್ದರೆ ತಾಯಿಯಲ್ಲಿ ಒಂದು ಸಲ ತಿದ್ದಿದರೆ ಮುಗೀತು. ಆದರೆ ನಂಬರೇ ಬದಲಾದರೆ? ಮಗುವಿನಲ್ಲೂ ಅದು ಬದಲಾಗಬೇಕು. ಇಲ್ಲದಿದ್ದರೆ ಆ ಅಂಕಗಳು ಯಾರವು ಅಂತಾನೇ ಗೊತ್ತಾಗಲ್ಲ, ಅನಾಥ ಆಗ್ತವೆ.

ತಾಯಿಯಲ್ಲಿ ಒಂದು ಸಾಲನ್ನೇ ಅಳಿಸಿದರೆ? ಮುಖ್ಯವಾಗಿ ಮೂರು ದಾರಿ ಇವೆ. ಅಂಕಗಳು ಇರುವ ತನಕ ಅಳಿಸಲು ಬಿಡದಿರುವುದು. ಅಂಕಗಳನ್ನೂ ಜೊತೆಗೇ ಅಳಿಸುವುದು. ನಂಬರಿನ ಜಾಗ ಖಾಲಿ ಬಿಡುವುದು. ಯಾವುದು ಬೇಕೆಂದು ಮೊದಲೇ ಹೇಳಿಟ್ಟರೆ ಕಂಪ್ಯೂಟರ್ ತಾನೇ ಮಾಡುತ್ತದೆ. ಆದರೆ ಎರಡನೇ ದಾರಿಯಲ್ಲಿ ಜೋಪಾನ! ತಾಯಿಯಲ್ಲಿ ಕೈತಪ್ಪಿ ಒಂದು ಸಾಲು ಅಳಿಸಿದರೆ ಮಕ್ಕಳಲ್ಲಿ ನೂರು ಸಾಲು ಹೋದಾವು. ಕಾಡ್ ಹಾಕಿದ ತಳಪಾಯದ ಮೇಲೆ ಬೆಳೆದ ಈ ಕ್ರಮಗಳು 1992ರಲ್ಲಿ ಎಸ್‌.ಕ್ಯು.ಎಲ್. ಭಾಷೆಯ ನಿಯಮಗಳಲ್ಲಿ ಸೇರಿದವು.

ಕಾಡ್ ಅವರ ವಿಚಾರ ಅವರದೇ ಕಂಪನಿಗೆ ಬೇಗ ರುಚಿಸಲಿಲ್ಲ. ಅದರ ಹಳೆಯ ವ್ಯವಸ್ಥೆ ಚೆನ್ನಾಗಿ ಮಾರಾಟವಾಗುತ್ತಿತ್ತು. 1979ರಲ್ಲಿ ಬೇರೊಂದು ಚಿಕ್ಕ ಕಂಪನಿ ಇದೇ ವಿಚಾರದ ಮೇಲೆ ಒರೇಕಲ್ ಎಂಬ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು. ಐ.ಬಿ.ಎಂ. ತಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ಗೆಳೆಯರೇ, ಇಂದು ಬ್ಯಾಂಕಿನ ಲೆಕ್ಕದ ಹಿಂದೆಯೂ ಇಂಥ ಕೋಷ್ಟಕಗಳಿವೆ. ಒಂದು ಕಡೆ ತಿದ್ದುವ ಮೊದಲು, ಅದನ್ನೇ ನಂಬಿಕೊಂಡಿರುವವರು ಯಾರ್ಯಾರು ಎಂದು ನೋಡಬೇಕು. ಇದು ಕಾಡ್ ಅವರ ಬದುಕಿನಿಂದ ನಾವು ಕಲಿಯುವ ಪಾಠ.