ದಿನಕ್ಕೆ ನಾಲ್ಕೇ ಗಂಟೆ ನಿದ್ದೆ: ಎಡಿಸನ್ ಕಥೆಯಲ್ಲಿ ಎಷ್ಟು ನಿಜ?

ಥಾಮಸ್ ಆಲ್ವಾ ಎಡಿಸನ್ ದಿನಕ್ಕೆ ನಾಲ್ಕೈದು ಗಂಟೆಯಷ್ಟೇ ಮಲಗುತ್ತಿದ್ದರು, ಅದಕ್ಕೇ ಅಷ್ಟೊಂದು ಕಂಡುಹಿಡಿದರು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹಗಲು ಹೊತ್ತಿನ ನಿದ್ದೆಗಳನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

1847ರಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ಎಡಿಸನ್, ಹದಿನಾರರ ವಯಸ್ಸಿನಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ರೈಲು ನಿಲ್ದಾಣದಲ್ಲಿ ರಾತ್ರಿ ಪಾಳಿಯ ಟೆಲಿಗ್ರಾಫ್ ಆಪರೇಟರ್ ಆದರು. ಎಚ್ಚರವಿದ್ದೇನೆಂದು ತೋರಿಸಲು ಗಂಟೆಗೊಮ್ಮೆ ಒಂದು ಸಂಕೇತ ಕಳಿಸಬೇಕಿತ್ತು. ಹಗಲೆಲ್ಲ ಪ್ರಯೋಗ ಮಾಡುತ್ತಿದ್ದ ಹುಡುಗನಿಗೆ ರಾತ್ರಿ ಕಣ್ಣು ಎಳೆಯುತ್ತಿತ್ತು. ಗಡಿಯಾರಕ್ಕೆ ಸಾಧನವೊಂದನ್ನು ಜೋಡಿಸಿ, ಸಂಕೇತ ತಾನಾಗಿಯೇ ಹೋಗುವಂತೆ ಮಾಡಿ ಮಲಗಿಬಿಟ್ಟರು. ಸಂಕೇತ ತಪ್ಪದೆ ಬರುತ್ತಿದ್ದರೂ ಕರೆದರೆ ಉತ್ತರವಿಲ್ಲ! ಗುಟ್ಟು ರಟ್ಟಾಗಿ ಬೈಸಿಕೊಂಡರು.

ಮುಂದೆ ಅವರೇ ಮಾಲೀಕರಾದರು. ವಿದ್ಯುತ್ ದೀಪ, ಗ್ರಾಮಫೋನಿನ ಪೂರ್ವಜ ಫೋನೋಗ್ರಾಫ್, ಅಮೆರಿಕದಲ್ಲೇ 1,093 ಪೇಟೆಂಟ್. ನಿದ್ದೆ ಕಾಲಹರಣ, ಹಳೆಯ ಕಾಲದ ಚಾಳಿ ಎಂದು ಸಾರುತ್ತಿದ್ದರು. ತಮ್ಮ ಜೊತೆ ರಾತ್ರಿಯಿಡೀ ದುಡಿಯುವವರನ್ನು ಮೆಚ್ಚುತ್ತಿದ್ದರು. ಆದರೆ ಅವರು ಮಾತ್ರ ಬೆಂಚಿನ ಮೇಲೆ, ಮೇಜಿನ ಮೇಲೆ, ಮರದ ಕೆಳಗೆ ಎಲ್ಲೆಂದರಲ್ಲಿ ನಿದ್ದೆ ಹೋಗುತ್ತಿದ್ದರು. ವೆಸ್ಟ್ ಆರೆಂಜ್ ಪ್ರಯೋಗಾಲಯದ ಗ್ರಂಥಾಲಯದಲ್ಲಿ ಅವರಿಗೆಂದೇ ಹಾಕಿದ ಮಂಚ ಇಂದಿಗೂ ಇದೆ. 1931ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೈಯಲ್ಲಿ ಲೋಹದ ಗುಂಡು ಹಿಡಿದು ತೂಕಡಿಸುತ್ತಿದ್ದರು, ಅದು ಬಿದ್ದ ಸದ್ದಿಗೆ ಎಚ್ಚೆತ್ತು ಹೊಳೆದದ್ದನ್ನು ಬರೆದುಕೊಳ್ಳುತ್ತಿದ್ದರು ಎಂಬ ಕಥೆಯೂ ಇದೆ. ಇದನ್ನು 2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಪರೀಕ್ಷಿಸಿದರು. ಒಂದು ಲೆಕ್ಕದ ಒಳಗುಟ್ಟು ಎಚ್ಚರವಾಗಿಯೇ ಇದ್ದವರಲ್ಲಿ ಶೇ. 30 ಮಂದಿಗೆ ಹೊಳೆಯಿತು. ಕನಿಷ್ಠ 15 ಸೆಕೆಂಡು ಜೊಂಪು ಹತ್ತಿದವರಲ್ಲಿ ಶೇ. 83 ಮಂದಿಗೆ. ಗಾಢ ನಿದ್ದೆಗೆ ಜಾರಿದವರಿಗೆ ಈ ಲಾಭ ಸಿಗಲಿಲ್ಲ.

ಮಧ್ಯಾಹ್ನದ ತೂಕಡಿಕೆಗೆ ಊಟವೊಂದೇ ಕಾರಣವಲ್ಲ. ಊಟ ಬಿಟ್ಟರೂ ಅದು ಬರುತ್ತದೆ. ದೇಹದ ಒಳಗಡಿಯಾರ ಆ ಹೊತ್ತಿಗೆ ಇಳಿಮುಖವಾಗಿರುತ್ತದೆ. ಇಪ್ಪತ್ತು ನಿಮಿಷದ ನಿದ್ದೆ ಚುರುಕು ತರುತ್ತದೆ, ಗಂಟೆಗಟ್ಟಲೆ ಮಲಗಿದರೆ ಎದ್ದಮೇಲೂ ತಲೆ ಭಾರ. ಆದರೆ ಇದು ರಾತ್ರಿ ನಿದ್ದೆಗೆ ಬದಲಿಯಲ್ಲ.

ಇನ್ನು ನಮ್ಮ ಮುಧೋಳ, ರನ್ನ ಬೆಳಗಲಿ ಕಡೆ ಬನ್ನಿ. ಹೊಲದಲ್ಲಿ ಬುತ್ತಿ ಉಂಡವರು ಬೇವಿನ ನೆರಳಲ್ಲಿ ಅಡ್ಡಾದರೆ ಯಾರೂ ತಪ್ಪೆನ್ನುವುದಿಲ್ಲ. ಪಾಳಿ ಕೆಲಸದಲ್ಲಿ ಕಣ್ಣು ಮುಚ್ಚಿದರೆ ಮಾತ್ರ ನೋಟಿಸು. ಕೊಪ್ಪಳ ಜಿಲ್ಲೆಯಲ್ಲಿ ಸಾರಿಗೆ ಸಂಸ್ಥೆಯ ಕಾನ್‌ಸ್ಟೆಬಲ್ ಒಬ್ಬರು ಕರ್ತವ್ಯದ ವೇಳೆ ನಿದ್ದೆ ಮಾಡಿದ ವಿಡಿಯೊ ಹರಡಿ, 2024ರಲ್ಲಿ ಅಮಾನತಾದರು. ಸುಮಾರು ಎರಡು ತಿಂಗಳಿಂದ ಅವರಿಗೆ ದಿನಕ್ಕೆ ಎರಡು ಪಾಳಿ, ಅಂದರೆ 16 ಗಂಟೆ ಕೆಲಸವಿತ್ತು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅಮಾನತು ರದ್ದುಮಾಡಿ, ಆ ಅವಧಿಯ ಸಂಬಳವನ್ನೂ ಕೊಡಿಸಿತು.