ಭಾನಾಮತಿ ಮನೆಗೆ ಹೋದ ವಿಜ್ಞಾನ ಮಾಸ್ತರರು

ಮನೆಯ ಮೇಲೆ ಕಲ್ಲು ಬೀಳುವುದು, ಒಣಹಾಕಿದ ಅರಿವೆಗೆ ತಾನಾಗಿಯೇ ಬೆಂಕಿ ಹತ್ತುವುದು ಮೊದಲಾದ ಭಾನಾಮತಿಯ ಮಾತು ನಮ್ಮ ರಾಯಬಾಗ, ಅಥಣಿ ಕಡೆಯ ಹಳ್ಳಿಗಳಿಗೆ ಹೊಸದಲ್ಲ. ಅಂಥ ಮನೆಗಳಿಗೆ ಹೋಗಿ ಕಾರಣ ಹುಡುಕಿ, ಸಂಮೋಹನದಿಂದ ಚಿಕಿತ್ಸೆ ಕೊಡುತ್ತಿದ್ದವರು ಅಬ್ರಹಾಂ ಕೋವೂರ್. ಅವರು ವೃತ್ತಿಯಿಂದ ಶಿಕ್ಷಕರು.

ಕೋವೂರ್ 1898ರ ಏಪ್ರಿಲ್ 10ರಂದು ಕೇರಳದ ತಿರುವಲ್ಲಾದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಕಲ್ಕತ್ತೆಯಲ್ಲಿ ಓದುತ್ತಿದ್ದಾಗ, ರಜೆಗೆ ಬರುವಾಗ ಗಂಗಾಜಲ ತರಬೇಕೆಂದು ಊರವರು ಕೇಳಿದರಂತೆ. ಅವರು ರೈಲು ನಿಲ್ದಾಣದ ನಲ್ಲಿ ನೀರನ್ನು ತುಂಬಿಕೊಟ್ಟರು. ಕುಡಿದವರು ಕಾಯಿಲೆ ವಾಸಿಯಾಯಿತೆಂದರು. ಇದು ಮೋಸವೇ ಎಂದು ನನ್ನ ಅಭಿಪ್ರಾಯ. ಆದರೂ ನಂಬಿಕೆ ದೇಹದ ಮೇಲೆ ಮಾಡುವ ಕೆಲಸವನ್ನು ಅವರು ಅಲ್ಲಿಯೇ ಕಂಡರು.

1928ರಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಸಸ್ಯಶಾಸ್ತ್ರ ಕಲಿಸಲು ಹೋದವರು 1959ರಲ್ಲಿ ಕೊಲಂಬೊದ ಥರ್ಸ್ಟನ್ ಕಾಲೇಜಿನಿಂದ ನಿವೃತ್ತರಾದರು. ಆಮೇಲಿನ ವರ್ಷಗಳಲ್ಲಿ ದೆವ್ವದ ದೂರುಗಳನ್ನು ಬೆನ್ನುಹತ್ತುವುದೇ ಮುಖ್ಯ ಕೆಲಸವಾಯಿತು.

ಅವರ ರೀತಿಯನ್ನು ನಾವು ಗಮನಿಸಬೇಕು. ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುವರು. ಹೆಚ್ಚಾಗಿ ಕಲ್ಲೆಸೆಯುವ ಕೈ ಆ ಮನೆಯೊಳಗಿನದೇ ಆಗಿರುತ್ತಿತ್ತು: ಪ್ರೀತಿ ಸಿಗದ ಮಗು, ನೊಂದ ಹುಡುಗಿ, ಹೇಳಿಕೊಳ್ಳಲಾಗದ ಸಂಕಟವಿದ್ದವರು. ಸಂಮೋಹನವೆಂದರೆ ನಿದ್ರೆಯಲ್ಲ. ಗಮನ ಒಂದೇ ಕಡೆ ನೆಲೆಸಿ, ಸೂಚನೆಯನ್ನು ಮನಸ್ಸು ಸುಲಭವಾಗಿ ಒಪ್ಪುವ ಸ್ಥಿತಿ. ಆ ಸ್ಥಿತಿಯಲ್ಲಿ ಭಯ ಬಿಡಿಸುವ ಸೂಚನೆ ಕೊಡುತ್ತಿದ್ದರು. ಅಷ್ಟಕ್ಕೇ ಬಿಡದೆ, ಆ ವ್ಯಕ್ತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಮನೆಯವರಿಗೂ ತಿಳಿಸುತ್ತಿದ್ದರು. ಮಂತ್ರವಾದಿ ದೆವ್ವಕ್ಕೆ ಹೊಡೆಯುತ್ತೇನೆಂದಾಗ ಏಟು ಬೀಳುವುದು ಆ ಹುಡುಗಿಯ ಮೈಗೇ ಅಲ್ಲವೇ?

ಅವರು ಕಂಡ ಪ್ರಕರಣವೊಂದು 1972ರಲ್ಲಿ ‘ಪುನರ್ಜನ್ಮಂ’ ಎಂಬ ಮಲಯಾಳಂ ಚಲನಚಿತ್ರವಾಯಿತು. ಮೋಸಕ್ಕೆ ಎಡೆಯಿಲ್ಲದಂತೆ ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂದು 1963ರಲ್ಲಿ ಹಾಕಿದ ಸವಾಲನ್ನು ಯಾರೂ ಗೆಲ್ಲಲಿಲ್ಲ. ಸುದ್ದಿಯಾದದ್ದು ಈ ಸವಾಲೇ. ಮೇಲಿನ ಸಂದರ್ಶನಗಳೇ ದೊಡ್ಡವೆಂದು ನನಗನಿಸುತ್ತದೆ.

ನಮ್ಮ ಮನೋವಿಜ್ಞಾನದ ಪತ್ರಿಕೆಯನ್ನು ಓದಿದ ಮಾತ್ರಕ್ಕೆ ತರಗತಿಯಲ್ಲಿ ಸಂಮೋಹನ ಮಾಡಹೋಗಬಾರದು. ಅದು ತರಬೇತಿ ಪಡೆದವರ ಕೆಲಸ. ಆದರೆ ಮೈಮೇಲೆ ಬಂದಂತೆ ನಡುಗುವ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿ, ಮನೆಯಲ್ಲಿ ಏನಾಯಿತೆಂದು ಕೇಳುವುದಕ್ಕೆ, ಪಾಲಕರಿಗೆ ವೈದ್ಯರ ದಾರಿ ತೋರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೋವೂರ್ 1978ರ ಸೆಪ್ಟೆಂಬರ್ 18ರಂದು ತೀರಿಕೊಂಡರು. ಕಣ್ಣುಗಳು ದೃಷ್ಟಿಯಿಲ್ಲದವರಿಗೆ, ದೇಹ ವೈದ್ಯಕೀಯ ವಿದ್ಯಾರ್ಥಿಗಳಿಗೆ, ಕೊನೆಗೆ ಉಳಿಯುವ ಅಸ್ಥಿಪಂಜರ ಥರ್ಸ್ಟನ್ ಕಾಲೇಜಿನ ವಿಜ್ಞಾನ ಪ್ರಯೋಗಾಲಯಕ್ಕೆ ಸೇರಬೇಕೆಂದು ಮೊದಲೇ ತಿಳಿಸಿಟ್ಟಿದ್ದರು.